ಒಂದೇ ಕೋಣೆ, ಬೇರೆ ಬೇರೆ ಸದ್ದು

ಅಜ್ಜನಿಗೆ ವಾರ್ತೆ ಜೋರಾಗಿ ಕೇಳಬೇಕು. ಅದೇ ಕೋಣೆಯಲ್ಲಿ ಮೊಮ್ಮಗಳಿಗೆ ಪರೀಕ್ಷೆಯ ಓದು. ನಿಮ್ಮ ಮನೆಯಲ್ಲೂ ಈ ಜಗಳ ಇದೆಯೇ?

ಹಲವು ಸ್ಪೀಕರ್‌ಗಳನ್ನು ಸಾಲಾಗಿ ಜೋಡಿಸಿ ಪರಿಹಾರ ಹುಡುಕುವ ಪ್ರಯತ್ನ 1990ರ ದಶಕದಿಂದ ನಡೆದಿದೆ. ಒಂದೊಂದು ಸ್ಪೀಕರಿನ ಸದ್ದನ್ನೂ ಕ್ಷಣದ ಸಣ್ಣ ಅಂಶದಷ್ಟು ಹಿಂದೆಮುಂದೆ ಮಾಡಿದರೆ, ಶಬ್ದದ ಅಲೆಗಳು ಅಜ್ಜನ ಕುರ್ಚಿಯ ಬಳಿ ಕೂಡಿ ಬಲವಾಗುತ್ತವೆ. ಮೊಮ್ಮಗಳ ಮೇಜಿನ ಬಳಿ ಒಂದನ್ನೊಂದು ಅಳಿಸಿಕೊಳ್ಳುತ್ತವೆ.

ಆದರೆ ಪೂರ್ತಿ ನಿಶ್ಶಬ್ದ ಸಿಗದು. ಗೋಡೆಗೆ ಬಡಿದ ಸದ್ದು ಮರಳುತ್ತದೆ. 100 ಹರ್ಟ್ಸ್‌ನ ದಪ್ಪ ಸ್ವರದ ಅಲೆಯ ಉದ್ದ ಸುಮಾರು 3.4 ಮೀಟರ್, ಚಿಕ್ಕ ಸಾಲು ಅದನ್ನು ಒಂದೆಡೆ ಹಿಡಿದಿಡಲಾರದು.

ಸದ್ಯಕ್ಕೆ ಚಿಕ್ಕ ಸ್ಪೀಕರೊಂದನ್ನು ಅಜ್ಜನ ಪಕ್ಕದಲ್ಲೇ ಇಟ್ಟು, ಟಿ.ವಿ.ಯ ಸದ್ದು ತಗ್ಗಿಸಿ. ದಿನೇ ದಿನೇ ಸದ್ದು ಹೆಚ್ಚಿಸಬೇಕಾಗುತ್ತಿದ್ದರೆ ಅದು ಹಟವಲ್ಲ, ಕಿವಿ ಮಂದವಾಗುತ್ತಿರಬಹುದು. ಬೈಯಬೇಡಿ; ಪರೀಕ್ಷೆ ಮಾಡಿಸಿ. ಕೆಲವೊಮ್ಮೆ ವೈದ್ಯರಿಂದ ಗುಗ್ಗೆ ತೆಗೆಸಿದರೂ ಸಾಕು.