ಅರಮನೆಯಿಂದ ಬಚ್ಚಲಿಗೆ ಬಂದ ಪಾದಸೇವೆ

ಈಜಿಪ್ಟಿನ ಸಕ್ಕಾರಾದಲ್ಲಿ 1964ರಲ್ಲಿ ಒಂದು ಗೋರಿ ಬೆಳಕಿಗೆ ಬಂತು. ನಾಲ್ಕು ಸಾವಿರ ವರ್ಷಗಳಿಗೂ ಹಳೆಯದಾದ ಆ ಗೋರಿ ನಿಯಾಂಖ್‌ಖ್ನುಮ್ ಮತ್ತು ಖ್ನುಮ್‌ಹೊಟೆಪ್ ಎಂಬ ಇಬ್ಬರದು. ಫೇರೋನ ಅರಮನೆಯಲ್ಲಿ ಉಗುರಿನ ಆರೈಕೆ ಮಾಡುವವರ ಮೇಲ್ವಿಚಾರಣೆ ಅವರ ಹುದ್ದೆ. ಆ ಪದವಿಯನ್ನು ಗೋರಿಯ ಗೋಡೆಯ ಮೇಲೆ ಕೆತ್ತಿಸಿಕೊಂಡಿದ್ದರು. ದೊರೆಯ ಕೈಕಾಲು ಮುಟ್ಟುವ ಕೆಲಸಕ್ಕೆ ಅಷ್ಟು ಮರ್ಯಾದೆಯಿತ್ತು.

ಇವತ್ತು ರಜೆಯ ದಿನ ಟಬ್ಬಿಗೆ ಬಿಸಿನೀರು ಸುರಿದುಕೊಂಡು ಮನೆಯಲ್ಲೇ ಪೆಡಿಕ್ಯೂರ್ ಮಾಡಿಕೊಳ್ಳುತ್ತೇವಲ್ಲ, ಅದರ ಹಿಂದಿನ ದಾರಿ ಬಲು ಉದ್ದ. ಆ ದಾರಿಯ ಬಹುಪಾಲಿನಲ್ಲಿ ಪಾದ ಒಬ್ಬರದು, ಕೈ ಇನ್ನೊಬ್ಬರದು. ತನ್ನ ಪಾದವನ್ನು ತಾನೇ ತೊಡೆಯ ಮೇಲಿಟ್ಟುಕೊಂಡು ಸಾವಕಾಶವಾಗಿ ಆರೈಕೆ ಮಾಡಿಕೊಳ್ಳುವ ಸುಖ ಸಾಮಾನ್ಯರ ಪಾಲಿಗೆ ಬಂದದ್ದು ತೀರಾ ಈಚೆಗೆ.

ದೊರೆಯ ಭೋಗ, ದುಡಿಯುವವರ ಮದ್ದು

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ ರಾಜನಿಗೆ ತಕ್ಕ 20 ಉಪಭೋಗಗಳನ್ನು ಹೇಳುತ್ತದೆ. ಸ್ನಾನ, ತಾಂಬೂಲ, ಅನ್ನ, ಶಯ್ಯೆಗಳ ಸಾಲಿನಲ್ಲೇ ಪಾದಾಭ್ಯಂಗವೂ ಕೂತಿದೆ. ಅದಕ್ಕೂ ಎಷ್ಟೋ ಮೊದಲು ಚರಕ ಸಂಹಿತೆ ಪಾದಕ್ಕೆ ಎಣ್ಣೆ ತಿಕ್ಕುವುದನ್ನು ದಿನಚರಿಗೇ ಸೇರಿಸಿತ್ತು. ಒರಟುತನ, ಜೋಮು, ದಣಿವು ಕಳೆಯುತ್ತದೆ, ಕಾಲು ಒಡೆಯುವುದಿಲ್ಲ ಎಂಬುದು ಅದರ ಮಾತು. ಸುಶ್ರುತ ಸಂಹಿತೆಯಲ್ಲಿ ಒಡೆದ ಹಿಮ್ಮಡಿ ‘ಪಾದದಾರಿ’ ಎಂಬ ಹೆಸರಿನ ರೋಗ. ಬಹಳ ನಡೆಯುವವರಿಗೆ ಅದು ಬರುತ್ತದಂತೆ.

ಬಹಳ ನಡೆಯುತ್ತಿದ್ದವರು ಪಲ್ಲಕ್ಕಿಯಲ್ಲಿ ಕೂತವರಲ್ಲವಲ್ಲ. ಗದ್ದೆಯ ಕೆಸರಿನಲ್ಲಿ ನಾಟಿ ಮಾಡಿ ಬಂದ ಹೆಂಗಸರಿಗೆ ಕಾಲು ಒತ್ತುವ ಆಳುಗಳಿರಲಿಲ್ಲ. ಅವರು ಮದ್ದನ್ನು ಹಿತ್ತಲಿನಲ್ಲೇ ಕಂಡುಕೊಂಡರು. ಉತ್ತರ ಕನ್ನಡದ ಮುರುಗಲ ತುಪ್ಪ ಅಂಥದ್ದು. ಹುಳಿಗೆಂದು ಮುರುಗಲ (ಕೋಕಂ) ಹಣ್ಣಿನ ಸಿಪ್ಪೆ ಒಣಗಿಸಿಟ್ಟ ಮೇಲೆ ಉಳಿಯುವ ಬೀಜವನ್ನು ಎಸೆಯದೆ ಒಣಗಿಸುತ್ತಾರೆ. ಅದನ್ನು ಕುಟ್ಟಿ ನೀರಿನಲ್ಲಿ ಕುದಿಸಿದರೆ ಜಿಡ್ಡು ಮೇಲೆ ತೇಲಿ ಬರುತ್ತದೆ. ಆರಿದ ಮೇಲೆ ಗಟ್ಟಿಯಾಗುವ ಆ ಜಿಡ್ಡನ್ನು ಉಂಡೆ ಕಟ್ಟಿ ಇಟ್ಟುಕೊಂಡರೆ ವರ್ಷವಿಡೀ ಬಳಕೆಗೆ ಒದಗುತ್ತದೆ. ರಾತ್ರಿ ಒಂದು ಚೂರು ಕರಗಿಸಿ, ಬೆಚ್ಚಗಿರುವಾಗಲೇ ಬಿರುಕಿಗೆ ತುಂಬಿದರೆ ಅದು ಅಲ್ಲೇ ಹೆಪ್ಪುಗಟ್ಟಿ ಗಾಳಿ, ದೂಳು ಒಳಗೆ ಹೋಗದಂತೆ ಮುಚ್ಚುತ್ತದೆ. ಅಂಗಾಲಿನ ಚರ್ಮದಲ್ಲಿ ಜಿಡ್ಡು ಸುರಿಸುವ ಗ್ರಂಥಿಗಳೇ ಇಲ್ಲ ಎಂದು ಚರ್ಮವೈದ್ಯರು ಹೇಳುತ್ತಾರೆ. ಮೈಯ ಬಹುಪಾಲು ತಾನಾಗಿ ಪಡೆಯುವ ಜಿಡ್ಡನ್ನು ಹಿಮ್ಮಡಿಗೆ ನಾವೇ ಕೊಡಬೇಕು. ಮುರುಗಲ ತುಪ್ಪ ಮಾಡುತ್ತಿದ್ದುದು ಅದನ್ನೇ.

ಲಿಂಕನ್ ಪಾದ, ವಿಯೆಟ್ನಾಮಿನ ಕೈ

ಪಶ್ಚಿಮದಲ್ಲಿ ಪಾದದ ಆರೈಕೆ ಸೇವಕರ ಕೈಯಿಂದ ಪರಿಣತರ ಕೈಗೆ ದಾಟಿತು. ಆಣಿ ತೆಗೆಯುವುದರಲ್ಲಿ ಹೆಸರು ಮಾಡಿದ್ದ ಐಸಾಕರ್ ಜಕಾರಿ, ಅಂತರ್ಯುದ್ಧದ ನಡುವೆ ಅಮೆರಿಕದ ಅಧ್ಯಕ್ಷ ಅಬ್ರಹಾಂ ಲಿಂಕನ್ನರ ಪಾದಗಳಿಗೆ ಚಿಕಿತ್ಸೆ ಮಾಡಿದರು. 1862ರಲ್ಲಿ ಲಿಂಕನ್ ಮೆಚ್ಚಿ ಪ್ರಶಂಸಾಪತ್ರ ಬರೆದುಕೊಟ್ಟರು. ಮುಂದೆ ಜಕಾರಿಯವರನ್ನು ರಾಜಕೀಯ ದೂತರಾಗಿಯೂ ಕಳುಹಿಸಿದರು. 1911ರಲ್ಲಿ ನ್ಯೂಯಾರ್ಕಿನಲ್ಲಿ ಪಾದಚಿಕಿತ್ಸೆಗೆಂದೇ ಕಾಲೇಜು ತೆರೆಯಿತು. ಚಿಕಿತ್ಸೆಯ ಹಾದಿ ಅತ್ತ ಹೋಯಿತು, ಅಲಂಕಾರದ ಹಾದಿ ಬ್ಯೂಟಿಪಾರ್ಲರಿನತ್ತ ತಿರುಗಿತು.

ಪಾರ್ಲರಿನ ಪೆಡಿಕ್ಯೂರ್ ಬಹುಕಾಲ ದುಡ್ಡಿದ್ದವರ ಸೊತ್ತು. ಅಮೆರಿಕದಲ್ಲಿ ಅದು ಅಗ್ಗವಾಗಿದ್ದರ ಹಿಂದೆ ಯುದ್ಧವೊಂದರ ನೋವಿದೆ. 1975ರಲ್ಲಿ ವಿಯೆಟ್ನಾಂ ಯುದ್ಧದ ಕೊನೆಗೆ ಸೈಗಾನ್ ನಗರ ಬಿದ್ದಾಗ ಆ ದೇಶದಿಂದ ಓಡಿಬಂದ ಹೆಂಗಸರು ಕ್ಯಾಲಿಫೋರ್ನಿಯಾದ ನಿರಾಶ್ರಿತರ ಶಿಬಿರವೊಂದರಲ್ಲಿದ್ದರು. ಅಲ್ಲಿಗೆ ನೆರವಿಗೆ ಹೋಗುತ್ತಿದ್ದ ನಟಿ ಟಿಪ್ಪಿ ಹೆಡ್ರೆನ್ ಅವರ ಉಗುರುಗಳ ಅಂದ ಆ ಹೆಂಗಸರ ಕಣ್ಣಿಗೆ ಬಿತ್ತು. ಇದೇ ಇವರ ಜೀವನೋಪಾಯವಾಗಬಾರದೇಕೆ ಎನಿಸಿ ಹೆಡ್ರೆನ್ ತಮ್ಮ ಉಗುರಿನ ಆರೈಕೆ ಮಾಡುತ್ತಿದ್ದವರನ್ನೇ ಕರೆಸಿ 20 ಮಂದಿಗೆ ಕೆಲಸ ಕಲಿಸಿದರು. ಕಲಿತವರು ನಂಟರಿಗೆ ಕಲಿಸಿದರು, ಅಂಗಡಿಗಳು ಬೆಳೆದವು, ದರ ಇಳಿಯಿತು. ಮಧ್ಯಮವರ್ಗವೂ ಪಾದ ಚಾಚಿ ಕೂರುವಂತಾಯಿತು.

ಜನ ಹೆಚ್ಚಿದಂತೆ ಸ್ವಚ್ಛತೆಯ ಪ್ರಶ್ನೆಯೂ ಎದ್ದಿತು. 2000ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಸಲೂನಿಗೆ ಹೋಗಿಬಂದ ನೂರಕ್ಕೂ ಹೆಚ್ಚು ಮಂದಿಯ ಕಾಲಿನಲ್ಲಿ ಕುರು ಎದ್ದವು. ನೀರು ಸುತ್ತುವ ಟಬ್ಬಿನ ಜಾಲರಿಯ ಹಿಂದೆ ಕೂದಲು, ಚರ್ಮದ ಚೂರು ಸಿಕ್ಕಿಕೊಂಡು ಬ್ಯಾಕ್ಟೀರಿಯಾ ಬೆಳೆದಿತ್ತು. ಹೋಗುವ ಮುನ್ನ ಕಾಲಿನ ಕೂದಲು ಬೋಳಿಸಿಕೊಂಡವರಿಗೆ ಅಪಾಯ ಹೆಚ್ಚಾಗಿತ್ತು. ಯಂತ್ರವಿಲ್ಲದ, ತೊಳೆದು ಒಣಗಿಸಿದ ಮನೆಯ ಟಬ್ಬೇ ವಾಸಿ ಎನ್ನಲು ಇದಕ್ಕಿಂತ ಗಟ್ಟಿ ಕಾರಣ ಬೇಕಿಲ್ಲ.

ನಮ್ಮಲ್ಲಿ ತಾಲ್ಲೂಕು ಕೇಂದ್ರಗಳ ಪಾರ್ಲರ್ ಬೋರ್ಡಿನ ಮೇಲೂ ಪೆಡಿಕ್ಯೂರ್ ಬಂದಿತ್ತು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಿದ್ದು ಆ ಬಾಗಿಲುಗಳು ಮುಚ್ಚಿದಾಗ ಎಷ್ಟೋ ಮಂದಿ ಟಬ್ಬು, ಕಲ್ಲು, ಎಣ್ಣೆ ಹಿಡಿದು ಮನೆಯಲ್ಲೇ ಕೂತರು. ಪಾರ್ಲರಿನಲ್ಲಿ ಕಲಿತದ್ದೂ ಅಜ್ಜಿಯ ಮದ್ದೂ ಒಂದೇ ಬಚ್ಚಲಲ್ಲಿ ಕೂಡಿದವು.

ಬೇಕಾದ್ದು ಮುಕ್ಕಾಲು ಗಂಟೆ

ಅಗಲ ಟಬ್ಬಿನಲ್ಲಿ ಹಿಮ್ಮಡಿಗಂಟು ಮುಳುಗುವಷ್ಟು ಉಗುರುಬೆಚ್ಚಗಿನ ನೀರು ತುಂಬಿ. ಹತ್ತು ನಿಮಿಷ ನೆನೆದರೆ ಸಾಕು. ಹೆಚ್ಚು ಹೊತ್ತು ನೆನೆದರೆ ಚರ್ಮ ಇನ್ನಷ್ಟು ಒಣಗುತ್ತದೆ. ಪ್ಯೂಮಿಸ್ ಕಲ್ಲನ್ನು ಒದ್ದೆ ಮಾಡಿಕೊಂಡು ಹಿಮ್ಮಡಿಯನ್ನು ಹಗುರವಾಗಿ ಉಜ್ಜಿ. ಒಂದೇ ದಿನ ನುಣುಪಾಗಿಸುವ ಆತುರ ಬೇಡ, ಬ್ಲೇಡಂತೂ ಬೇಡವೇ ಬೇಡ. ಕಾಲುಗುರನ್ನು ಮೂಲೆ ಕೊರೆಯದೆ ನೇರವಾಗಿ ಕತ್ತರಿಸಿದರೆ ಅದು ಮಾಂಸದೊಳಗೆ ಬೆಳೆಯುವ ಕಾಟ ತಪ್ಪುತ್ತದೆ. ಉಗುರಿನ ಬುಡದ ತೆಳುಚರ್ಮ ರೋಗಾಣುಗಳಿಗೆ ತಡೆಗೋಡೆ. ಅದನ್ನು ಕತ್ತರಿಸಿದರೆ ಉಗುರುಸುತ್ತಿಗೆ ದಾರಿಯಾದೀತು. ಬೆರಳ ಸಂದುಗಳನ್ನು ಒರೆಸಿ ಒಣಗಿಸಿ, ಹಿಮ್ಮಡಿಗೆ ಕೊಬ್ಬರಿ ಎಣ್ಣೆಯನ್ನೋ ಮುರುಗಲ ತುಪ್ಪವನ್ನೋ ಹಚ್ಚಿ. ಎರಡೂ ಹೆಬ್ಬೆರಳಿನಿಂದ ಹಿಮ್ಮಡಿಯಿಂದ ಬೆರಳಿನವರೆಗೆ ಅಂಗಾಲನ್ನು ನೀವಿ ಹತ್ತಿಯ ಕಾಲುಚೀಲ ಹಾಕಿಕೊಳ್ಳಿ.

ಇದನ್ನು ರಾತ್ರಿ ಮಾಡಿದರೆ ಇನ್ನೊಂದು ಲಾಭವಿದೆ. ಪಾದ ಬೆಚ್ಚಗಾದಾಗ ಅಲ್ಲಿನ ರಕ್ತನಾಳ ಹಿಗ್ಗಿ ಒಡಲಿನ ಶಾಖ ಹೊರಹೋಗುತ್ತದೆ, ನಿದ್ದೆ ಬೇಗ ಹತ್ತುತ್ತದೆ. ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಸಂಶೋಧಕರು 1999ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದನ್ನು ವರದಿ ಮಾಡಿದ್ದರು.

ಸಕ್ಕರೆ ಕಾಯಿಲೆಯವರು ಮಾತ್ರ ವೈದ್ಯರನ್ನು ಕೇಳದೆ ಕಾಲು ನೆನೆಸಬಾರದು, ಕಲ್ಲಿನಿಂದ ಉಜ್ಜಬಾರದು. ಸ್ಪರ್ಶ ಕಳೆದುಕೊಂಡ ಪಾದಕ್ಕೆ ನೀರು ಸುಡುವುದೂ ಗೊತ್ತಾಗುವುದಿಲ್ಲ, ಗಾಯವಾದದ್ದೂ ಗೊತ್ತಾಗುವುದಿಲ್ಲ.

ಮನೆಯವರೆಲ್ಲರ ಕಾಲು ಒತ್ತಿ ಕೊನೆಗೆ ತನ್ನ ಒಡೆದ ಹಿಮ್ಮಡಿಯನ್ನು ಸೀರೆಯ ನೆರಿಗೆಯಲ್ಲಿ ಮರೆಮಾಡಿಕೊಳ್ಳುವ ತಾಯಂದಿರು ಈಗಲೂ ಇದ್ದಾರೆ. ವಾರಕ್ಕೆ ಮುಕ್ಕಾಲು ಗಂಟೆ ಅವರದ್ದಾಗಲಿ. ಬಗ್ಗಿ ತಮ್ಮ ಪಾದ ಮುಟ್ಟಿಕೊಳ್ಳಲಾಗದ ಹಿರಿಯರಿದ್ದರೆ ಅವರ ಉಗುರು ನೋಡುವುದು ಮಕ್ಕಳ ಕೆಲಸ. ಅರಮನೆ ಬಿಟ್ಟು ಬಂದ ಪಾದಸೇವೆಗೆ ಮನೆಯಲ್ಲಿ ಹೆಣ್ಣು ಗಂಡು, ಹಿರಿಯ ಕಿರಿಯ ಎಂಬ ಭೇದ ಬೇಕಿಲ್ಲ.