ಸ್ನಾಯುಬಲ ವ್ಯಾಯಾಮದಿಂದ ಹೃದಯಕ್ಕೆ ಎಷ್ಟು ಪ್ರಯೋಜನ? – ಕೊತ್ತತ್ತಿ ಹೋಬಳಿಯ ನಾಗರಿಕರಿಗೆ ಮಾಹಿತಿ

ಮಂಡ್ಯ ತಾಲ್ಲೂಕು ಕೊತ್ತತ್ತಿ ಹೋಬಳಿಯ ಗ್ರಾಮಗಳಲ್ಲಿ 30 ವರ್ಷ ಮೇಲ್ಪಟ್ಟ ಎಲ್ಲರಿಗೂ ರಕ್ತದೊತ್ತಡ ಹಾಗೂ ಮಧುಮೇಹದ ತಪಾಸಣೆಯು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಲಭ್ಯವಿರುತ್ತದೆ. ತಪಾಸಣೆಯ ಬಳಿಕ ವೈದ್ಯರು ನಡಿಗೆಯ ಜೊತೆಗೆ ಸ್ನಾಯುಬಲ ವ್ಯಾಯಾಮವನ್ನೂ ಸೂಚಿಸಿದಲ್ಲಿ ಕೆಲವರಿಗೆ ಅಳುಕು ಉಂಟಾಗುವುದು ಸಹಜ. ದೇಹದಾರ್ಢ್ಯಕ್ಕೆ ಹೆಸರಾಗಿದ್ದ ನಟ ಪುನೀತ್ ರಾಜ್‌ಕುಮಾರ್ ಅವರು 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿನಲ್ಲಿ ನಿಧನರಾದ ನಂತರ, ಭಾರ ಎತ್ತುವುದರಿಂದ ಹೃದಯಕ್ಕೆ ಅಪಾಯವೆಂಬ ಭಾವನೆ ಬಹಳಷ್ಟು ಜನರಲ್ಲಿ ಬೇರೂರಿದೆ. ಈ ಭಾವನೆಯಲ್ಲಿ ಎಷ್ಟು ಸರಿ, ಎಷ್ಟು ತಪ್ಪು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮೊದಲಿಗೆ, ಈ ವ್ಯಾಯಾಮವು ನಮ್ಮ ಸೀಮೆಗೆ ಹೊಸತಲ್ಲ. ಗರಡಿಮನೆಯಲ್ಲಿ ದಂಡ ಹೊಡೆಯುವುದು, ಬಸ್ಕಿ ತೆಗೆಯುವುದು, ಗದೆ ತಿರುಗಿಸುವುದು, ಊರಿನ ಗುಂಡುಕಲ್ಲು ಎತ್ತುವುದು ಇವೆಲ್ಲವೂ ಸ್ನಾಯುಬಲ ವ್ಯಾಯಾಮಗಳೇ. ಹೊಸದಾಗಿರುವುದು ಅದರ ಲೆಕ್ಕ ಮಾತ್ರ.

ಪ್ರಯೋಜನದ ಪ್ರಮಾಣ

ಅಮೆರಿಕದ ಹೃದಯ ಸಂಘವು 2023ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ವೈಜ್ಞಾನಿಕ ಹೇಳಿಕೆಯ ಪ್ರಕಾರ, ಸ್ನಾಯುಬಲ ವ್ಯಾಯಾಮ ಮಾಡುವವರಲ್ಲಿ, ಮಾಡದವರಿಗಿಂತ, ಯಾವುದೇ ಕಾರಣದ ಮರಣದ ಸಂಭವ ಸುಮಾರು ಶೇ. 15ರಷ್ಟು ಹಾಗೂ ಹೃದಯ ರಕ್ತನಾಳದ ಕಾಯಿಲೆಯ ಸಂಭವ ಸುಮಾರು ಶೇ. 17ರಷ್ಟು ಕಡಿಮೆ ಇರುತ್ತದೆ. ಇದಕ್ಕೆ ವಾರಕ್ಕೆ 30 ರಿಂದ 60 ನಿಮಿಷ ಸಾಕು. ಅದಕ್ಕಿಂತ ಹೆಚ್ಚು ಮಾಡಿದಷ್ಟೂ ಲಾಭ ಹೆಚ್ಚುತ್ತದೆ ಎಂಬುದಕ್ಕೆ ಆಧಾರವಿಲ್ಲ. ವ್ಯಾಯಾಮ ಮಾಡುವವರು ಸಾಮಾನ್ಯವಾಗಿ ಊಟ, ನಿದ್ರೆಗಳಲ್ಲಿಯೂ ಎಚ್ಚರ ವಹಿಸುವವರಾಗಿರುವುದರಿಂದ, ಈ ಅಂಕಿಗಳ ಒಂದು ಪಾಲು ಆ ಎಚ್ಚರಕ್ಕೆ ಸಲ್ಲಬೇಕು ಎಂಬುದನ್ನೂ ನೆನಪಿನಲ್ಲಿಡತಕ್ಕದ್ದು.

ಭಾರತವೂ ಸೇರಿದಂತೆ 17 ದೇಶಗಳ ಸುಮಾರು 1.4 ಲಕ್ಷ ಜನರ ಕೈಹಿಡಿತದ ಬಲವನ್ನು ಅಳೆದು 2015ರಲ್ಲಿ ಪ್ರಕಟಿಸಲಾದ ಅಧ್ಯಯನವೊಂದರಲ್ಲಿ, ಹಿಡಿತದ ಬಲ ಪ್ರತಿ 5 ಕಿಲೋ ಕುಗ್ಗಿದಂತೆ ಹೃದಯ ಸಂಬಂಧಿ ಮರಣದ ಸಂಭವ ಶೇ. 17ರಷ್ಟು ಏರಿರುವುದು ಕಂಡುಬಂದಿತು. ಹಿಡಿತ ಬಿಗಿಯಾದರೆ ಹೃದಯ ಗುಣವಾಗುತ್ತದೆ ಎಂದು ಇದರ ಅರ್ಥವಲ್ಲ. ದೇಹದ ಒಟ್ಟು ಸ್ಥಿತಿಗೆ ಸ್ನಾಯುವಿನ ಬಲವು ಒಂದು ಗುರುತು, ಅಷ್ಟೆ.

ಲಾಭ ಬರುವ ದಾರಿ ಹೀಗಿದೆ. ಊಟದ ನಂತರ ರಕ್ತಕ್ಕೆ ಸೇರುವ ಸಕ್ಕರೆಯ ದೊಡ್ಡ ಪಾಲನ್ನು ಸ್ನಾಯುಗಳೇ ಹೀರಿಕೊಳ್ಳುತ್ತವೆ. ದುಡಿಸದ ಸ್ನಾಯು ವಯಸ್ಸಿನೊಂದಿಗೆ ಕರಗುತ್ತದೆ, ಆ ಕೆಲಸವೂ ಕುಂಠಿತವಾಗುತ್ತದೆ. ಮುದ್ದೆ, ಅನ್ನ ಪ್ರಧಾನವಾದ ನಮ್ಮ ಊಟದ ಪದ್ಧತಿಯಲ್ಲಿ ಇದು ಗಮನಾರ್ಹ. ರಕ್ತದೊತ್ತಡದ ಮೇಲಿನ ಅಂಕಿಯು ಸರಾಸರಿ 4 ರಷ್ಟು ಇಳಿಯುತ್ತದೆ. ಕೊಲೆಸ್ಟ್ರಾಲ್ ಮೇಲಿನ ಪರಿಣಾಮ ಮಾತ್ರ ಅಲ್ಪ. ಆದುದರಿಂದ ಮಾತ್ರೆ ಬಿಟ್ಟು ಕಲ್ಲು ಎತ್ತುವುದು ಸರ್ವಥಾ ಸಲ್ಲದು.

ಗದ್ದೆ ಕೆಲಸವೇ ಸಾಲದೆ?

ಕಬ್ಬು ಕಡಿದು ಹೊರೆ ಹೊರುವವರು, ಆಲೆಮನೆಯಲ್ಲಿ ದುಡಿಯುವವರು ಈ ಪ್ರಶ್ನೆ ಕೇಳುವುದು ನ್ಯಾಯವೇ. ಡೆನ್ಮಾರ್ಕ್‌ನ ಕೋಪನ್‌ಹೇಗನ್‌ನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಕುರಿತು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಿಡುವಿನ ವೇಳೆಯ ಶ್ರಮ ಹೆಚ್ಚಿದ್ದವರಲ್ಲಿ ಹೃದಯದ ಅಪಾಯ ಕಡಿಮೆಯೂ, ಉದ್ಯೋಗದ ಶ್ರಮ ಹೆಚ್ಚಿದ್ದವರಲ್ಲಿ ಅಪಾಯ ಅಧಿಕವೂ ಇತ್ತು. ಹೊರೆ ಹೊರುವಾಗ ಮಿತಿಯನ್ನು ನಿರ್ಧರಿಸುವುದು ಲಾರಿಯ ಸಮಯವೇ ಹೊರತು ನಮ್ಮ ದೇಹವಲ್ಲ, ವಿಶ್ರಾಂತಿಗೂ ಆಸ್ಪದವಿಲ್ಲ. ಕೂಲಿಕಾರರಿಗೆ ಇನ್ನಷ್ಟು ಭಾರಕ್ಕಿಂತ ಸಮರ್ಪಕ ವಿಶ್ರಾಂತಿ, ನೆರಳು, ಕುಡಿಯುವ ನೀರು ಮೊದಲು ಅಗತ್ಯ. ಉಳುಮೆಯಿಂದ ಒಕ್ಕಣೆಯವರೆಗೆ ಯಂತ್ರಗಳನ್ನೇ ಅವಲಂಬಿಸಿರುವ ರೈತರು, ಅಂಗಡಿ ಹಾಗೂ ಕಛೇರಿಗಳಲ್ಲಿ ಕುಳಿತು ಕೆಲಸ ಮಾಡುವವರು ಮಾತ್ರ ತಾವೂ ದುಡಿಯುವವರ ಸಾಲಿಗೆ ಸೇರಿದವರೆಂದು ಭಾವಿಸುವುದು ಬೇಡ.

ಮಾಡುವ ವಿಧಾನ

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೆ ವಯಸ್ಕರು ವಾರಕ್ಕೆ 150 ರಿಂದ 300 ನಿಮಿಷ ಬಿರುಸಿನ ನಡಿಗೆಯಂತಹ ಚಟುವಟಿಕೆಯ ಜೊತೆಗೆ, ಕನಿಷ್ಠ 2 ದಿನ ಸ್ನಾಯುಬಲ ವ್ಯಾಯಾಮ ಮಾಡತಕ್ಕದ್ದು. ಒಂದು ಇನ್ನೊಂದಕ್ಕೆ ಬದಲಿಯಲ್ಲ. ಹಣ ತೆತ್ತು ಜಿಮ್‌ಗೆ ಸೇರುವ ಅವಶ್ಯಕತೆಯಿಲ್ಲ. ಜಗುಲಿಗೆ ಕೈಯೂರಿ ದಂಡ, ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದು, ಅರ್ಧ ತುಂಬಿದ ಬಿಂದಿಗೆಯನ್ನು ಎತ್ತಿ ಇಳಿಸುವುದು, ಹೀಗೆ ಒಂದೊಂದನ್ನು 8 ರಿಂದ 12 ಬಾರಿ ಮಾಡಬಹುದು. ಹಿರಿಯರು ಹಗುರವಾದ ಭಾರದಲ್ಲಿ 10 ರಿಂದ 15 ಬಾರಿ ಮಾಡುವುದು ಸೂಕ್ತ.

ಗೋಡೆಗೆ ಬೆನ್ನು ಒರಗಿಸಿ, ಕುರ್ಚಿಯಿಲ್ಲದೆ ಕುರ್ಚಿಯಲ್ಲಿ ಕುಳಿತಂತೆ ನಿಲ್ಲುವ ಕ್ರಮವು ರಕ್ತದೊತ್ತಡಕ್ಕೆ ವಿಶೇಷವಾಗಿ ಉಪಯುಕ್ತವೆಂದು 2023ರ ಅಧ್ಯಯನ ವಿಶ್ಲೇಷಣೆಯೊಂದು ತಿಳಿಸಿದೆ. ಪ್ರಾರಂಭದಲ್ಲಿ 20 ಸೆಕೆಂಡು ಸಾಕು. ಕ್ರಮೇಣ 2 ನಿಮಿಷದಂತೆ 4 ಸಲ, ನಡುವೆ ವಿಶ್ರಾಂತಿಯೊಡನೆ, ವಾರಕ್ಕೆ 3 ದಿನ ಮಾಡಬಹುದಾಗಿದೆ.

ಉಸಿರು ಬಿಗಿಹಿಡಿಯುವುದೇ ಮುಖ್ಯ ಅಪಾಯ. ಉಸಿರು ಕಟ್ಟಿ ಭಾರ ಎತ್ತಿದಾಗ ರಕ್ತದೊತ್ತಡ ಕ್ಷಣದಲ್ಲೇ ವಿಪರೀತ ಏರುತ್ತದೆ. ಎತ್ತುವಾಗ ಉಸಿರು ಬಿಡಬೇಕು, ಇಳಿಸುವಾಗ ಎಳೆದುಕೊಳ್ಳಬೇಕು. ಪಂದ್ಯ ಕಟ್ಟಿ ಗುಂಡು ಎತ್ತುವುದು ವ್ಯಾಯಾಮವಲ್ಲ.

ಯಾರು ಮಾಡಬಾರದು

ರಕ್ತದೊತ್ತಡ 180/110 ಮೀರಿದವರು ಅದು ಹತೋಟಿಗೆ ಬರುವವರೆಗೆ ಆರಂಭಿಸತಕ್ಕದ್ದಲ್ಲ. ವಿಶ್ರಾಂತಿಯಲ್ಲಿಯೂ ಎದೆನೋವು ಬರುವವರು, ಹೃದಯ ವೈಫಲ್ಯದಿಂದ ಕಾಲು ಊದಿ ಉಬ್ಬಸ ಪಡುತ್ತಿರುವವರು, ಹೃದಯ ಬಡಿತದ ಏರುಪೇರು ಹತೋಟಿಯಲ್ಲಿಲ್ಲದವರು ಹಾಗೂ ಹೃದಯ ಕವಾಟ ತೀವ್ರವಾಗಿ ಕಿರಿದಾಗಿರುವವರು ವೈದ್ಯರ ಅನುಮತಿಯಿಲ್ಲದೆ ಭಾರ ಮುಟ್ಟಬಾರದು. ಬೈಪಾಸ್ ಶಸ್ತ್ರಚಿಕಿತ್ಸೆ ಆದವರು ಎದೆಮೂಳೆ ಕೂಡುವವರೆಗೆ, ಸಾಮಾನ್ಯವಾಗಿ 8 ರಿಂದ 12 ವಾರ, ಕಾಯಬೇಕಾಗುತ್ತದೆ. ಕುಟುಂಬದಲ್ಲಿ ಚಿಕ್ಕ ವಯಸ್ಸಿನಲ್ಲೇ ಹಠಾತ್ ಮರಣ ಸಂಭವಿಸಿದ್ದಲ್ಲಿ, ಆ ಮನೆಯ ಯುವಕರು ಮೊದಲು ತಪಾಸಣೆ ಮಾಡಿಸಿಕೊಳ್ಳುವುದು.

ವ್ಯಾಯಾಮದ ವೇಳೆ ಎದೆ ಬಿಗಿತ, ಎಡಗೈ ಅಥವಾ ದವಡೆಗೆ ಹರಡುವ ನೋವು, ತಣ್ಣನೆಯ ಬೆವರು ಕಂಡುಬಂದಲ್ಲಿ ಕೂಡಲೇ ನಿಲ್ಲಿಸಿ 108ಕ್ಕೆ ಕರೆ ಮಾಡತಕ್ಕದ್ದು. ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿದು ಮಲಗಿದವರು ಕಳೆದುಕೊಳ್ಳುವುದು ಅತ್ಯಮೂಲ್ಯವಾದ ಮೊದಲ ಗಂಟೆಗಳನ್ನು. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ, ಯೋಜನೆಗೆ ಒಳಪಟ್ಟ ಸರ್ಕಾರಿ ಆಸ್ಪತ್ರೆಗಳಲ್ಲಿ ಇ.ಸಿ.ಜಿ. ತೆಗೆದು, ಹೃದ್ರೋಗ ತಜ್ಞರ ಸಲಹೆ ಪಡೆದು, ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ನೀಡಲಾಗುತ್ತದೆ.

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಕಾರ್ಡ್ ಪಡೆಯದವರು ಆಧಾರ್ ಹಾಗೂ ಪಡಿತರ ಚೀಟಿಯೊಂದಿಗೆ ನೋಂದಾಯಿಸಿಕೊಳ್ಳಬಹುದು. ತಪಾಸಣೆಗೆ ಬರುವವರು ಹಿಂದಿನ ಚೀಟಿ, ಸೇವಿಸುತ್ತಿರುವ ಮಾತ್ರೆಗಳನ್ನು ತಪ್ಪದೆ ತರಬೇಕಾಗಿ ಕೋರಲಾಗಿದೆ.