‘ಗಲಾಟೆ’ ಪದದ ವಿಶೇಷಣ ಪ್ರಯೋಗ: ಕೋಲಾರ ಸೀಮೆಯ ಹಿನ್ನೆಲೆಯಲ್ಲಿ

ಸದ್ದು ತುಂಬಿದ ಲವಲವಿಕೆಯನ್ನು ಸೂಚಿಸುವ ಸ್ವತಂತ್ರ ಗುಣವಾಚಕಗಳು ಕನ್ನಡದಲ್ಲಿ ವಿರಳ. ಆ ಕಾರ್ಯವನ್ನು ಬಹುಮಟ್ಟಿಗೆ ನಾಮಪದಗಳೇ ನಿರ್ವಹಿಸುತ್ತವೆ. ಅವುಗಳಲ್ಲಿ ‘ಗಲಾಟೆ’ ಮುಖ್ಯವಾದುದು. ಇದಕ್ಕೆ ‘ಜಗಳ’, ‘ದೊಂಬಿ’ ಎಂದಷ್ಟೇ ಅರ್ಥ ಬರೆದರೆ ಪದದ ಅರ್ಧ ಬಾಳು ಮಾತ್ರ ದಾಖಲಾದಂತಾಗುತ್ತದೆ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಭಾಷಿಕ ಪರಿಸರ ಈ ದೃಷ್ಟಿಯಿಂದ ಗಮನಾರ್ಹ. ಮುಳಬಾಗಿಲು, ಶ್ರೀನಿವಾಸಪುರಗಳು ಆಂಧ್ರದ ಗಡಿಗೂ ಮಾಲೂರು ತಮಿಳುನಾಡಿನ ಗಡಿಗೂ ಹೊಂದಿಕೊಂಡಿವೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂಬ ದ್ವಿಭಾಷಿಕತೆ ಇಲ್ಲಿ ಸಾಮಾನ್ಯ. ತೆಲುಗಿನಲ್ಲಿ ಹಬ್ಬದ ಸಡಗರದ ಸದ್ದಿಗೆ ‘ಸಂದಡಿ’ ಎಂಬ ಪ್ರತ್ಯೇಕ ಪದವಿದೆ. ‘ಗಲಾಟಾ’ ಎಂಬುದು ಗದ್ದಲ, ಜಗಳಗಳ ಕಡೆಗೆ ವಾಲುತ್ತದೆ. ತಮಿಳಿನ ‘ಕಲಾಟ್ಟಾ’ ಪದಕ್ಕೆ ಕೀಟಲೆಯ ಛಾಯೆಯೂ ಉಂಟು. ಕನ್ನಡದ ‘ಸಂದಣಿ’ ಜನದಟ್ಟಣೆಯನ್ನು ಮಾತ್ರ ಹೇಳುವುದರಿಂದ ಹಿಗ್ಗು, ಕೀಟಲೆ, ಜಗಳ ಮೂರರ ಭಾರವೂ ‘ಗಲಾಟೆ’ಯ ಮೇಲೆ ಬೀಳುತ್ತದೆ.

ಈ ಭಾರವನ್ನು ವ್ಯಾಕರಣವು ಹಂಚಿಕೊಡುತ್ತದೆ. ಪ್ರತ್ಯಯವಿಲ್ಲದೆ ಸಮಾಸವಾದಾಗ ಪದವು ಸ್ವಭಾವವನ್ನು ಸೂಚಿಸುತ್ತದೆ: ‘ಗಲಾಟೆ ಮಗು’. ಇಲ್ಲಿ ದೂರಿಗಿಂತ ಮುದ್ದೇ ಹೆಚ್ಚು. ಷಷ್ಠೀ ವಿಭಕ್ತಿಯೊಡನೆ ಸನ್ನಿವೇಶದ ಚಿತ್ರಣವಾಗುತ್ತದೆ: ಕೋಲಾರದ ಟೊಮೆಟೊ ಮಾರುಕಟ್ಟೆಯಲ್ಲಿ ಹರಾಜು ಕೂಗುವ ಹೊತ್ತು, ಶ್ರೀನಿವಾಸಪುರದ ಮಾವಿನ ಮಂಡಿಯ ಸುಗ್ಗಿಕಾಲ ‘ಗಲಾಟೆಯ ಹೊತ್ತು’ಗಳೇ. ಫಾರಸಿ ಮೂಲದ ‘ಕೋರ’ ಪ್ರತ್ಯಯ ಸೇರಿದೊಡನೆ ಮುದ್ದು ಮಾಯವಾಗಿ ‘ಗಲಾಟೆಕೋರ’ ಎಂಬ ಆರೋಪ ಉಳಿಯುತ್ತದೆ.

ವಿಭಕ್ತಿ ಬದಲಾದಾಗಲೂ ಅರ್ಥ ತಿರುಗುತ್ತದೆ. ‘ಆವಣಿ ಜಾತ್ರೆಯ ಗಲಾಟೆ’ ಎಂದರೆ ಜನ, ದನ, ಅಂಗಡಿಗಳ ಸಂಭ್ರಮ. ‘ಜಾತ್ರೆಯಲ್ಲಿ ಗಲಾಟೆ’ ಎಂದರೆ ಹೊಡೆದಾಟದ ಸುದ್ದಿ. ‘ಗಲಾಟೆ ಮಾಡಿದರು’ ಎಂಬುದು ಮಕ್ಕಳ ಆಟಕ್ಕೂ ಸಲ್ಲುತ್ತದೆ. ‘ಗಲಾಟೆ ಆಯಿತು’ ಎಂಬುದು ಸಾಮಾನ್ಯವಾಗಿ ಜಗಳಕ್ಕೇ ಸಲ್ಲುತ್ತದೆ.

ಈ ವ್ಯತ್ಯಾಸ ಕೇವಲ ಶೈಲಿಯದಲ್ಲ. ‘ಹುಡುಗರು ಗಲಾಟೆ ಮಾಡುತ್ತಿದ್ದರು’ ಎಂಬ ಸಾಕ್ಷಿಯ ಮಾತನ್ನು ಬೇರೆ ಭಾಷೆಗೆ ‘ದೊಂಬಿ’ ಎಂದು ಅನುವಾದಿಸಿದರೆ, ಕುಣಿದು ಕೂಗಿದವರು ಅಪರಾಧಿಗಳಾಗಿ ಕಾಣುತ್ತಾರೆ. ಆದ್ದರಿಂದ ನಿಘಂಟುಕಾರರು ಈ ಪದಕ್ಕೆ ಅರ್ಥಗಳನ್ನು ಪಟ್ಟಿ ಮಾಡಿದರೆ ಸಾಲದು. ಯಾವ ಪ್ರತ್ಯಯ, ಯಾವ ಕ್ರಿಯಾಪದದೊಡನೆ ಯಾವ ಅರ್ಥ ನಿಲ್ಲುತ್ತದೆಂಬುದನ್ನು ಉದಾಹರಣೆಸಹಿತ ತೋರಿಸುವುದು ಅವಶ್ಯ.